ದೂರದ ಚಕ್ರ ಮೊದಲು

"ಒತ್ತಿ," ಎಂದ ಗ್ಯಾರೇಜಿನ ಯಜಮಾನ, ಕಾರಿನ ಹಿಂದಿನ ಎಡ ಚಕ್ರದ ಹತ್ತಿರದಿಂದ.

ಮೇಡಂ ಒತ್ತಿದಳು.

"ಹಿಡ್ಕೊಂಡಿರಿ. ನಾನು ಹೇಳೋ ತನಕ ಕಾಲು ಎತ್ತಬೇಡಿ."

ಬ್ರೇಕ್ ಪೆಡಲ್ ಅವಳ ಪಾದದಡಿ ನಿಧಾನವಾಗಿ ಇಳಿದು, ಕೆಳಗಿಟ್ಟಿದ್ದ ಮರದ ತುಂಡಿಗೆ ತಾಗಿ ನಿಂತಿತು. ಆ ತುಂಡು ಈ ಗ್ಯಾರೇಜಿನ ಪದ್ಧತಿ. ಹಳೇ ಕಾರಿನ ಪೆಡಲನ್ನು ನೆಲದವರೆಗೆ ತುಳಿದರೆ ಒಳಗಿನ ರಬ್ಬರು ತುಕ್ಕಿಗೆ ಉಜ್ಜಿ ಹರಿದುಹೋಗುತ್ತದಂತೆ. ಹಿಂದುಗಡೆ ಸ್ಪ್ಯಾನರು ತಿರುಗಿ, ಚಕ್ರದಿಂದ ಹಳೇ ಎಣ್ಣೆ ಹೊರಬಿಡುವ ನಿಪ್ಪಲ್ ಬಿಗಿಯಾದ ಸದ್ದು ಕೇಳಿಸಿತು.

"ಬಿಡಿ."

ಬಿಟ್ಟಳು. ಯಜಮಾನನ ಇದೇ ಕೈ, ಇದೇ ಸ್ಪ್ಯಾನರು ಅವನ ಮಗಳ ಕಾರಿನ ಬ್ರೇಕ್ ಆಯಿಲ್ ಬದಲಾಯಿಸಿತ್ತು. ಮರುದಿನ ಆ ಕಾರು ಇಳಿಜಾರಿನ ತಿರುವಿನಲ್ಲಿ ನಿಲ್ಲದೆ ಗೋಡೆಗೆ ಹೊಡೆದು ಮಗಳು ಸತ್ತಳು. ನಾಳೆ ಬೆಳಿಗ್ಗೆ ಕೋರ್ಟಿನಲ್ಲಿ ತಪ್ಪೆಲ್ಲ ನನ್ನದೇ ಎಂದು ಅಪ್ಪ ಒಪ್ಪಿಕೊಳ್ಳುವವನಿದ್ದ.

ಟ್ರಾಫಿಕ್ ಪೊಲೀಸಿನ ಕೆಲಸ ಬಿಟ್ಟು ಸ್ವಂತ ತನಿಖೆಗೆ ಇಳಿದು ವರ್ಷಗಳಾಗಿದ್ದರೂ ಜನ ಅವಳನ್ನು ಮೇಡಂ ಎಂದು ಕರೆಯುವುದನ್ನು ಬಿಟ್ಟಿರಲಿಲ್ಲ. ಅವಳಿಗೆ ಈ ಕೇಸು ಕೊಟ್ಟವಳು ಯಜಮಾನನ ಹೆಂಡತಿ. ಗಂಡನನ್ನು ಬಿಡಿಸಿ ಎಂದು ಆಕೆ ಕೇಳಿರಲಿಲ್ಲ. "ನನ್ನ ಮಗಳನ್ನ ಕೊಂದಿದ್ದು ಅವರ ಕೈಯೋ ಅಲ್ಲವೋ, ಅಷ್ಟು ಹೇಳಿ ಸಾಕು" ಎಂದಿದ್ದಳು. ಅವತ್ತು ನೀವೆಲ್ಲಿದ್ದಿರಿ ಎಂದು ಕೇಳಿದ್ದಕ್ಕೆ, ಅಕ್ಕನ ಮನೆಯಲ್ಲಿದ್ದೆ ಎಂದಿದ್ದಳು. ಪೊಲೀಸರಿಗೂ ಅದನ್ನೇ ಬರೆದುಕೊಟ್ಟಿದ್ದಳು.

ಯಜಮಾನ ಬರೆದುಕೊಟ್ಟಿದ್ದು, ಒಬ್ಬನೇ ಮಾಡಿದೆ ಎಂದು. ಒಬ್ಬನೇ ಬ್ರೇಕಿನ ಎಣ್ಣೆ ಬದಲಾಯಿಸಲು ಒಂದು ದಾರಿಯಿದೆ. ನಿಪ್ಪಲ್ಲಿಗೆ ಸಿಕ್ಕಿಸುವ ಒಂದು ರಬ್ಬರ್ ಪೈಪು, ಅದರ ಬಾಯಲ್ಲಿ ಒಳಗಿನದನ್ನು ಹೊರಗೆ ಬಿಟ್ಟು ಹೊರಗಿನದನ್ನು ಒಳಗೆ ಬಿಡದ ಪುಟ್ಟ ಮುಚ್ಚಳ. ಮಾಡಿ ತೋರಿಸಿ ಎಂದು ಮೇಡಂ ಇವತ್ತು ಮಧ್ಯಾಹ್ನವೇ ಬಂದು ಕೂತಿದ್ದಳು. ಯಾರೋ ಗಿರಾಕಿ ಬಿಟ್ಟುಹೋಗಿ ವಾಪಸು ಬಾರದ ಕಾರೊಂದು ಶೆಡ್ಡಿನಲ್ಲಿತ್ತು. ಮಗಳನ್ನು ಕೊಂದ ಮೆಕ್ಯಾನಿಕ್ ಎಂದ ಮೇಲೆ ಗಿರಾಕಿಗಳು ತಮ್ಮ ಕಾರನ್ನು ಕೇಳಲೂ ಬರುವುದಿಲ್ಲ.

ಯಜಮಾನ ಮೊಳೆಯಿಂದ ಪೈಪು ತೆಗೆದು ಸಿಕ್ಕಿಸಿದ. ಅದರ ರಬ್ಬರು ಬಿರಿದು ಬೂದಿ ಬಣ್ಣಕ್ಕೆ ತಿರುಗಿತ್ತು. ಎಣ್ಣೆ ಬಾಟಲಿಗೆ ಹೋಗುವ ಬದಲು ಅವನ ಮೊಣಕೈಗೆ ಇಳಿಯಿತು. ಈ ಪೈಪು ಕೆಲಸ ಬಿಟ್ಟು ಎಷ್ಟೋ ಕಾಲವಾಗಿದೆ ಎಂದು ಮೇಡಂಗೂ ಗೊತ್ತಾಯಿತು, ಅವಳಿಗೆ ಗೊತ್ತಾಯಿತೆಂದು ಅವನಿಗೂ ಗೊತ್ತಾಯಿತು. ಅವನು ಪೈಪನ್ನು ಮೂಲೆಗೆ ಎಸೆದು, ನೀವೇ ಕೂತ್ಕೊಳ್ಳಿ ಹಾಗಾದ್ರೆ ಎಂದ.

ಹಾಗೆ ಅವಳು ಡ್ರೈವರ್ ಸೀಟಿನಲ್ಲಿ ಕೂತಿದ್ದಳು.

"ದೂರದ ಚಕ್ರ ಮೊದಲು," ಎಂದು ಅವನು ಹಿಂದಿನಿಂದ ಪಾಠ ಹೇಳುತ್ತಿದ್ದ. "ಪೈಪು ಉದ್ದ ಇರೋ ಕಡೆ ಹಳೇ ಎಣ್ಣೆ ಜಾಸ್ತಿ ಇರುತ್ತೆ. ಅದನ್ನ ಮುಗಿಸಿ ಹತ್ತಿರಕ್ಕೆ ಬರಬೇಕು."

ಧ್ವನಿ ಜೋರಾಗಿತ್ತು. ಒತ್ತಿ, ಹಿಡ್ಕೊಳ್ಳಿ, ಬಿಡಿ ಎಂಬ ಅವನ ಕೂಗು ಬೀದಿಯ ಆಚೆ ತುದಿಯವರೆಗೆ ಹೋಗುತ್ತಿತ್ತು. ಹೊರಗಿನವರು ಯಾರು ಪೆಡಲ್ ಮೇಲಿದ್ದರೂ ಅವನು ಹೀಗೇ ಕೂಗುವವನು. ಪಕ್ಕದ ಶೆಡ್ಡಿನಲ್ಲಿ ನಜ್ಜುಗುಜ್ಜಾದ ತಗಡು ತಟ್ಟಿ ನೇರ ಮಾಡುವವನು ಅದನ್ನು ನಿನ್ನೆ ನಗುತ್ತ ಹೇಳಿದ್ದ. ಬೀದಿಯವರು ಈ ತಗಡಿನವನನ್ನು ಸುತ್ತಿಗೆ ಎಂದು ಕರೆಯುತ್ತಿದ್ದರು. ಅವನ ಕೆಲಸಕ್ಕೂ ಆ ಹೆಸರು ಹೊಂದುತ್ತಿತ್ತು, ಮಾತಿಗೂ ಹೊಂದುತ್ತಿತ್ತು.

ಸುತ್ತಿಗೆ ಹೇಳಿದ್ದು ಇಷ್ಟು. ಆ ದಿನ ಈ ಗ್ಯಾರೇಜಿನಿಂದ ಕೂಗು ಕೇಳಿರಲಿಲ್ಲ. ಸ್ಪ್ಯಾನರಿನಿಂದ ಚಕ್ರದ ರಿಮ್ಮಿಗೆ ಹೊಡೆದ ಸದ್ದು ಕೇಳಿತ್ತು. ಒಂದು ಏಟು, ಸ್ವಲ್ಪ ಬಿಟ್ಟು ಎರಡು ಏಟು. ಮತ್ತೆ ಒಂದು, ಮತ್ತೆ ಎರಡು.

ಇದರಲ್ಲಿ ವಿಶೇಷವೇನು ಎಂದು ಮೇಡಂ ಕೇಳಿದ್ದಕ್ಕೆ ಸುತ್ತಿಗೆ ಕೈ ಒರೆಸಿಕೊಳ್ಳುತ್ತ, "ಅದು ಗಂಡ ಹೆಂಡ್ತಿ ಮಾತು ಮೇಡಂ. ಬೀದಿಗೆಲ್ಲ ಗೊತ್ತು" ಎಂದಿದ್ದ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಈ ಇಬ್ಬರು ನಾಲ್ಕು ವರ್ಷದಿಂದ ಉಣ್ಣುತ್ತಲೂ ಇದ್ದರು, ಮಲಗುತ್ತಲೂ ಇದ್ದರು, ಜಗಳ ಮಾತ್ರ ಎದ್ದೇ ಕೂತಿತ್ತು. ಮಗಳು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರನ್ನು ಮದುವೆಯಾಗುತ್ತೇನೆ ಎಂದಾಗ ಅಪ್ಪ ಬೇಡವೆಂದ. ಅಮ್ಮ ಹೋಗಿ ಸಾಕ್ಷಿಗೆ ಸಹಿ ಹಾಕಿ ಬಂದಳು. ಅವತ್ತು ಸಂಜೆ ಅವನು, ಇನ್ನು ನಿನಗೂ ನನಗೂ ಮಾತಿಲ್ಲ ಎಂದ. ಆಕೆ, ಸರಿ ಎಂದಳು. ಮಾತಿಗೆ ಕಟ್ಟುಬಿದ್ದವರು, ಇಬ್ಬರೂ ಹಟಮಾರಿಗಳು. ಅಡುಗೆ ಮಾಡಿ ಇಟ್ಟರೆ ಅವನು ಉಂಡು ಏಳುತ್ತಿದ್ದ. ಹೇಳಲೇಬೇಕಾದ್ದು ಬಂದರೆ ಮಗಳ ಕೈಲೋ, ಅಳಿಯನ ಕೈಲೋ, ಬಾಗಿಲಿಗೆ ಬಂದವರ ಕೈಲೋ ಹೇಳಿಸುತ್ತಿದ್ದರು. ಆದರೆ ಬ್ರೇಕಿನ ಕೆಲಸಕ್ಕೆ ಎರಡು ಜೀವ ಬೇಕು, ಮೂವತ್ತು ವರ್ಷದಿಂದ ಪೆಡಲ್ ಮೇಲೆ ಇರುತ್ತಿದ್ದದ್ದು ಆಕೆಯ ಕಾಲು. ಅದಕ್ಕೇ ಏಟಿನ ಭಾಷೆ. ಒಂದು ಏಟಿಗೆ ಒತ್ತುವುದು, ಎರಡು ಏಟಿಗೆ ಬಿಡುವುದು.

ಇಂಥ ಮನೆಗಳನ್ನು ಕಂಡರೆ ಮೇಡಂಗೆ ಮೈ ಉರಿಯುತ್ತಿತ್ತು. ಬಾಯಿ ಬಿಟ್ಟು ಬೈದಾಡುವವರ ನಡುವೆ ಅವಳು ಬೇಕಾದಷ್ಟು ಕಾಲ ಕೆಲಸ ಮಾಡಿದ್ದಳು. ಅವರು ಎಷ್ಟೋ ವಾಸಿ. ಮೌನವನ್ನು ಮರ್ಯಾದೆ ಎಂದುಕೊಂಡವರ ಮನೆಯಲ್ಲಿ ಪತ್ತೇದಾರಿಕೆ ಮಾಡುವುದೆಂದರೆ ಬಾಗಿಲಿಲ್ಲದ ಮನೆಗೆ ಬೀಗದ ಕೈ ಹುಡುಕಿದ ಹಾಗೆ.

"ಈ ಚಕ್ರ ಆಯ್ತು. ಹೊಸ ಎಣ್ಣೆ ಬರ್ತಿದೆ," ಎಂದ ಯಜಮಾನ.

"ಡಬ್ಬಿಯಲ್ಲಿ ಎಷ್ಟು ಉಳಿದಿದೆ?"

"ಇಲ್ಲಿ ನೆಲದ ಮೇಲೆ ಕೂತವನಿಗೆ ಅದು ಕಾಣುತ್ತಾ? ಪೆಡಲ್ ಮೇಲಿರೋರು ಇಳಿದು ನೋಡಬೇಕು. ಅದು ಅವರ ಕೆಲಸ."

ಮೇಡಂ ಇಳಿದು ತೆರೆದ ಬಾನೆಟ್ಟಿನ ಮುಂದೆ ಹೋದಳು. ಎಣ್ಣೆ ತುಂಬುವ ಬಿಳಿ ಪ್ಲಾಸ್ಟಿಕ್ ಡಬ್ಬಿ ಒಂದು ಮೂಲೆಯಲ್ಲಿತ್ತು. ಎಣ್ಣೆ ಕೆಳಗಿನ ಗೆರೆಯ ಹತ್ತಿರಕ್ಕೆ ಬಂದಿತ್ತು. ಒಂದೇ ಚಕ್ರಕ್ಕೆ ಇಷ್ಟು ಇಳಿಯುತ್ತದೆ ಎಂದು ಅವಳು ಎಣಿಸಿರಲಿಲ್ಲ. ಹೊಸ ಕ್ಯಾನಿನಿಂದ ಮೇಲಿನ ಗೆರೆಯವರೆಗೆ ಸುರಿದು, ಬಣ್ಣದ ಮೇಲೆ ಬಿದ್ದ ಒಂದು ಹನಿಯನ್ನು ಬಟ್ಟೆಯಿಂದ ಒರೆಸಿದಳು. ಆ ಎಣ್ಣೆ ಕಾರಿನ ಬಣ್ಣವನ್ನು ತಿನ್ನುತ್ತದೆ ಎಂದು ಇವತ್ತೇ ಕಲಿತಿದ್ದಳು. ತಲೆ ಎತ್ತಿ ಹಿಂದಿನ ಚಕ್ರದ ಕಡೆ ನೋಡಿದಳು. ಎತ್ತಿ ನಿಲ್ಲಿಸಿದ ಬಾನೆಟ್ಟು, ಅದರಾಚೆ ಕಾರಿನ ಪೂರ್ತಿ ಉದ್ದ. ಯಜಮಾನನ ಕೂದಲು ಕೂಡ ಕಾಣಿಸಲಿಲ್ಲ.

ಅವಳು ಕ್ಯಾನಿನ ಮುಚ್ಚಳ ಹಾಕಿ ಹಿಂದಕ್ಕೆ ನಡೆದು ಅವನ ಎದುರು ಒಂದು ಹಳೇ ಟೈರಿನ ಮೇಲೆ ಕೂತಳು.

"ಯಜಮಾನರೇ, ಅವತ್ತು ಪೆಡಲ್ ಮೇಲೆ ನಿಮ್ಮ ಹೆಂಡತಿ ಇದ್ದರು."

"ಇರಲಿಲ್ಲ."

ಅವಳು ಪೈಪಿನ ಕಡೆ ಬೆರಳು ತೋರಿಸಿದಳು. ಸುತ್ತಿಗೆ ಕೇಳಿಸಿಕೊಂಡ ಏಟುಗಳ ವಿಷಯ ಹೇಳಿದಳು. ಅವನು ಸುತ್ತಿಗೆಯ ಬಗ್ಗೆ, ಅವನ ವಂಶದ ಬಗ್ಗೆ ನಾಲ್ಕು ಮಾತು ಆಡಿದ. ಆಮೇಲೆ ತಲೆ ತಗ್ಗಿಸಿ ನಿಪ್ಪಲ್ಲಿಗೆ ಧೂಳು ತಡೆಯುವ ರಬ್ಬರ್ ಟೊಪ್ಪಿ ಹಾಕತೊಡಗಿದ. ಅದು ಓರೆಯಾಗಿ ಕೂತಿತು, ಕಿತ್ತು ಮತ್ತೆ ಹಾಕಿದ.

"ಇದ್ದರೆ ಏನೀಗ? ಅವಳು ಒತ್ತು ಅಂದಾಗ ಒತ್ತಿದಳು. ಬಿಡು ಅಂದಾಗ ಬಿಟ್ಟಳು. ತಪ್ಪು ನನ್ನದು. ಕೇಸು ನನ್ನ ಮೇಲಿರಲಿ."

"ಯಾವ ತಪ್ಪು?"

"ನೂರು ಸಲ ಹೇಳಿದ್ದೀನಲ್ಲ. ಸ್ಕ್ಯಾನರ್ ಹಾಕಲಿಲ್ಲ. ಎಬಿಎಸ್ ಒಳಗೆ ಗಾಳಿ ಉಳ್ಕೊಂಡಿತು."

ಪೊಲೀಸರು ಬರೆದುಕೊಂಡದ್ದೂ ಅದೇ. ಬಾನೆಟ್ಟಿನ ಮೂಲೆಯಲ್ಲಿ ಕೂರುವ ಎಬಿಎಸ್ ಪೆಟ್ಟಿಗೆ ಸಾಮಾನ್ಯ ದಿನಗಳಲ್ಲಿ ನಿದ್ದೆ ಮಾಡುತ್ತಿರುತ್ತದೆ. ಗಟ್ಟಿಯಾಗಿ ಬ್ರೇಕ್ ತುಳಿದು ಚಕ್ರ ಜಾರುವ ಹೊತ್ತಿಗೆ ಮಾತ್ರ ಎದ್ದು, ಒಳಗಿನ ಕಿರುಬಾಗಿಲುಗಳನ್ನು ತೆರೆದು ಮುಚ್ಚಿ, ಬ್ರೇಕನ್ನು ಹಿಡಿದು ಬಿಟ್ಟು ಮಾಡುತ್ತದೆ. ಆ ಬಾಗಿಲುಗಳ ಹಿಂದೆ ಗಾಳಿ ಸೇರಿಕೊಂಡರೆ ಪೆಡಲಿಗೆ ಅದು ತಿಳಿಯುವುದಿಲ್ಲ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಬೀದಿಯಲ್ಲಿ ಓಡಿಸಿ ನೋಡಿದರೂ ಎಲ್ಲ ಸರಿಯಾಗಿಯೇ ಕಾಣುತ್ತದೆ. ಮೊದಲ ಸಲ ಜೀವಭಯದಿಂದ ತುಳಿದಾಗ ಬಾಗಿಲು ತೆರೆದು ಗಾಳಿ ಪೈಪಿಗೆ ನುಗ್ಗುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ; ಆ ಹುಡುಗಿಗೆ ಅಷ್ಟೇ ವ್ಯತ್ಯಾಸ ಸಾಕಾಯಿತು.

ಆ ಪೆಟ್ಟಿಗೆಯ ಬಾಗಿಲುಗಳನ್ನು ಕಾರು ನಿಂತಲ್ಲೇ ತೆರೆಸಿ, ಒಳಗಿದ್ದದ್ದನ್ನು ತಳ್ಳಿಸುವುದು ಸ್ಕ್ಯಾನರ್. ಯಜಮಾನನ ಸ್ಕ್ಯಾನರ್ ಎದುರಿನ ಗೂಡಿನಲ್ಲೇ ಇತ್ತು.

"ಯಾಕೆ ಹಾಕಲಿಲ್ಲ?"

"ಡಬ್ಬಿ ಬರಿದಾಗದಿದ್ದರೆ ಅದು ಬೇಕಾಗಲ್ಲ. ಬಾಕ್ಸಿನಲ್ಲಿ ಒಂದಿಷ್ಟು ಹಳೇ ಎಣ್ಣೆ ಉಳಿಯುತ್ತೆ, ಅಷ್ಟೇ."

ಹೇಳಿ ಮುಗಿಸಿದ ಮೇಲೆ ಅವನ ಕೈ ನಿಂತುಹೋಯಿತು. ತಾನು ಏನು ಹೇಳಿದೆ ಎಂದು ಅವನಿಗೆ ಕೇಳಿಸಿತ್ತು.

"ಹಳೇ ಎಣ್ಣೆ ಉಳಿಯುತ್ತೆ," ಎಂದಳು ಮೇಡಂ. "ಸರಿ. ಗಾಳಿ ಎಲ್ಲಿಂದ ಬಂತು? ಪೈಪು ಒಡೆದಿರಲಿಲ್ಲ, ಲ್ಯಾಬಿನವರು ಇಂಚಿಂಚೂ ನೋಡಿದ್ದಾರೆ. ನಿಪ್ಪಲ್ ನಾಲ್ಕೂ ಬಿಗಿಯಾಗಿದ್ದವು. ಸ್ಕ್ಯಾನರ್ ಹಾಕದಿದ್ದರೆ ಗಾಳಿ ತಾನಾಗಿ ಹುಟ್ಟುತ್ತಾ?"

"ಗಾಳಿ ಅಂದ್ರೆ... ಗುಳ್ಳೆ. ಒಂದೆರಡು ಗುಳ್ಳೆ ಇದ್ದಿರಬಹುದು."

ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗಾಯಿತು. ಮೇಡಂ ಅವನ ಮುಖವನ್ನೇ ನೋಡುತ್ತ ಕೂತಳು. ಮೂವತ್ತು ವರ್ಷ ಇದೇ ಕೆಲಸ ಮಾಡಿದ ಮನುಷ್ಯ, ತಾನು ಮಾಡದ ತಪ್ಪನ್ನು ಒಪ್ಪಿಕೊಳ್ಳಲು ತನ್ನ ಕಸುಬಿಗೇ ಸುಳ್ಳು ಹೇಳುತ್ತಿದ್ದ. ನೋಡಲು ಹಿಂಸೆಯಾಗುತ್ತಿತ್ತು.

"ಡಬ್ಬಿ ಬರಿದಾಗಿತ್ತು, ಯಜಮಾನರೇ. ಗಾಳಿ ಆ ಬಾಕ್ಸಿಗೆ ಹೋಗೋಕೆ ಬೇರೆ ದಾರಿಯೇ ಇಲ್ಲ."

"ಇಲ್ಲ. ತುಂಬಿತ್ತು."

"ನೀವು ನೋಡಿದ್ರಾ?"

"ತುಂಬಿತ್ತು ಅಂದ್ನಲ್ಲ."

"ನೀವು ಇಲ್ಲಿ ಕೂತಿದ್ರಿ. ಇಲ್ಲಿಂದ ಕಾಣಲ್ಲ ಅಂತ ಈಗಷ್ಟೇ ನೀವೇ ಹೇಳಿದ್ರಿ. ನಿಮ್ಮ ಹೆಂಡತಿ ನಿಮ್ಮ ಹತ್ರ ಮಾತಾಡಲ್ಲ. ತುಂಬಿತ್ತು ಅಂತ ನಿಮಗೆ ಹೇಗೆ ಗೊತ್ತು?"

ಯಜಮಾನ ಸ್ಪ್ಯಾನರನ್ನು ನೆಲದ ಮೇಲಿಟ್ಟ. ಇಟ್ಟದ್ದನ್ನು ಮತ್ತೆ ತೆಗೆದುಕೊಂಡ. ಪಕ್ಕದ ಶೆಡ್ಡಿನಲ್ಲಿ ತಗಡು ಉಜ್ಜುವ ಯಂತ್ರ ಚಾಲೂ ಆಗಿ, ಸ್ವಲ್ಪ ಹೊತ್ತು ಯಾರ ಮಾತೂ ಕೇಳಿಸದ ಹಾಗಾಯಿತು. ಅದು ನಿಂತ ಮೇಲೆ, ತನಗೇ ಹೇಳಿಕೊಳ್ಳುವವನ ಹಾಗೆ, "ನಾನು ಅವಳ ಹೆಸರು ಹೇಳಲ್ಲ ಮೇಡಂ" ಎಂದ. "ಡಬ್ಬಿ ನೋಡೋದು ಅವಳ ಕೆಲಸ. ನೋಡದೇ ತುಂಬಿದೆ ಅಂದಳು. ಅವಳ ಜೊತೆ ಮಾತು ಬಿಟ್ಟಿರಬಹುದು. ಜೈಲಿಗೆ ಕಳಿಸೋಕೆ ಆಗಲ್ಲ."

ಇಷ್ಟು ದಿನ ಈ ಮನುಷ್ಯ ಹೆಂಡತಿಯನ್ನು ಮಗಳ ಕೊಲೆಗಾತಿ ಎಂದು ನಂಬಿ, ಆಕೆಯ ಕೈ ಅಡುಗೆ ಉಂಡು, ಆಕೆಗಾಗಿ ಜೈಲಿಗೆ ಹೊರಟಿದ್ದ. ಮೇಡಂಗೆ ಮೊದಲು ಬಂದದ್ದು ಕರುಣೆಯಲ್ಲ, ಕೋಪ.

"ಅವರಿಗೆ ಹೇಳಿ," ಎಂದಿತು ಹಿಂದಿನಿಂದ ಒಂದು ಧ್ವನಿ.

ಗ್ಯಾರೇಜಿನ ಹಿಂಬಾಗಿಲು ಮನೆಯ ಅಡುಗೆಮನೆಗೆ ತೆರೆಯುತ್ತಿತ್ತು. ಹೊಸ್ತಿಲ ಮೇಲೆ ಹೆಂಡತಿ ನಿಂತಿದ್ದಳು, ಕೈಯಲ್ಲಿ ಮೇಡಂಗೆಂದು ತಂದ ನೀರಿನ ಲೋಟ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಲೋಟದ ನೀರು ಅರ್ಧ ಅವಳ ಕಾಲ ಬಳಿಯೇ ಚೆಲ್ಲಿತ್ತು.

"ಏನಂದ್ರಿ?" ಎಂದಳು ಮೇಡಂ.

"ಅವರಿಗೆ ಹೇಳಿ ಮೇಡಂ. ನಾನು ಇಳಿದು ನೋಡಿದ್ದೆ ಅಂತ ಹೇಳಿ. ಡಬ್ಬಿಯ ತಳ ಕಾಣ್ತಿತ್ತು. ನಾನೇ ಎಣ್ಣೆ ಸುರಿದೆ. ಗಾಳಿ ಹೋಗಿರುತ್ತೆ, ಮೊದಲಿಂದ ಮಾಡ್ಬೇಕು ಅಂತ ಹೇಳಿ ಕಳಿಸಿದ್ದೆ. ಪರವಾಗಿಲ್ಲ ಅಂತ ಇವರೇ ಉತ್ತರ ಕಳಿಸಿದ್ರು. ನಾನು ಹೇಳಿದ್ದು ಅನ್ನೋ ಒಂದೇ ಕಾರಣಕ್ಕೆ ಕೇಳಲಿಲ್ಲ ಇವರು. ಹೇಳಿ ಅವರಿಗೆ."

ಯಜಮಾನ ಎದ್ದು ನಿಂತ. ಅವನೂ ಹೆಂಡತಿಯ ಕಡೆ ನೋಡಲಿಲ್ಲ.

"ಮೇಡಂ, ಅವಳಿಗೆ ಹೇಳಿ. ನನಗೆ ಅಂಥ ಮಾತು ಬರಲೇ ಇಲ್ಲ ಅಂತ ಹೇಳಿ. ಡಬ್ಬಿ ತುಂಬಿದೆ, ಬೇಗ ಮುಗಿಸಿ ಅಂತ ಬಂತು."

ಇಬ್ಬರೂ ಅವಳ ಮುಖ ನೋಡುತ್ತ ನಿಂತರು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುವವರು ಈ ಮನೆಯನ್ನು ನೋಡಿರಲಿಲ್ಲ. ಇಲ್ಲಿ ಮಾತಾಡದೇ ಮನೆ ಕೆಟ್ಟಿತ್ತು, ಮಗಳು ಹೋದ ಮೇಲೂ ಇವರಿಗೆ ನಡುವೆ ಒಬ್ಬರು ಬೇಕಾಗಿತ್ತು.

"ನಾನು ನಿಮ್ಮ ಟಪಾಲಿನವಳಲ್ಲ," ಎಂದಳು ಮೇಡಂ. ಅವಳ ಧ್ವನಿ ಅವಳಿಗೇ ಒರಟಾಗಿ ಕೇಳಿಸಿತು. "ನಿಮ್ಮ ಮಗಳು ಸತ್ತಿದ್ದಾಳೆ. ಅಲ್ಲಿ ನಿಂತಿದ್ದಾರೆ ನಿಮ್ಮ ಯಜಮಾನರು. ನೀವೇ ಹೇಳಿ."

ಹೆಂಡತಿ ಲೋಟವನ್ನು ಹೊಸ್ತಿಲ ಮೇಲಿಟ್ಟಳು. ಸೆರಗಿನಲ್ಲಿ ಕೈ ಒರೆಸಿಕೊಂಡಳು, ಎರಡು ಸಲ. ಗಂಡನ ಕಡೆ ತಿರುಗಿದಳು.

"ನಾನು ಹೇಳಿ ಕಳಿಸಿದ್ದೆ," ಎಂದಳು. "ನಿಮಗೆ ತಲುಪಲಿಲ್ವಾ?"

ಯಜಮಾನ ಈಗ ಅವಳ ಮುಖ ನೋಡಿದ. "ಯಾರ ಕೈಲಿ?"

"ಅಳಿಯಂದ್ರ ಕೈಲಿ."

ಅದಾದ ಮೇಲೆ ಮೇಡಂ ಕೇಳಿದ್ದು ಕಡಿಮೆ, ಅವರು ಹೇಳಿದ್ದು ಹೆಚ್ಚು. ಇಬ್ಬರ ಮಾತೂ ಒಂದರ ಮೇಲೊಂದು ಬಿದ್ದು ಬಂತು. ಅವಳು ಅದನ್ನು ಸಾಲು ಹಿಡಿಸಬೇಕಾಯಿತು.

ಆ ದಿನ ಕಾರನ್ನು ಗ್ಯಾರೇಜಿಗೆ ತಂದದ್ದೇ ಅಳಿಯ. ಆಯಿಲ್ ಬದಲಾಯಿಸಿ ಎಂದು ಕೇಳಿದ್ದೂ ಅವನೇ. ಕೆಲಸ ನಡೆಯುವಾಗ ಬಾನೆಟ್ಟಿಗೆ ಒರಗಿ ನಿಂತಿದ್ದ. ಮೊದಲ ಚಕ್ರ ಮುಗಿಯುವ ಹೊತ್ತಿಗೆ ಅತ್ತೆ ಇಳಿದು ನೋಡಿದಳು, ತಳ ಕಾಣುತ್ತಿದ್ದ ಡಬ್ಬಿಯನ್ನು ತುಂಬಿಸಿದಳು, ಗಂಡನ ಕಿವಿಗೆ ಬೀಳದ ಹಾಗೆ ತಗ್ಗಿದ ದನಿಯಲ್ಲಿ ಅಳಿಯನಿಗೆ ವಿಷಯ ಹೇಳಿದಳು. ತಗ್ಗಿದ ದನಿ ಅವಳಿಗೆ ಆಗಲೇ ಅಭ್ಯಾಸವಾಗಿತ್ತು. ಅವನು ತಲೆಯಾಡಿಸಿ ಹಿಂದಕ್ಕೆ ಹೋದ. ಮಾವನ ಪಕ್ಕ ಕುಕ್ಕರಗಾಲಲ್ಲಿ ಕೂತ. ಮಾವನಿಗೆ ಒಂದು ಮಾತು ಹೇಳಿದ, ಬಂದು ಅತ್ತೆಗೆ ಇನ್ನೊಂದು ಹೇಳಿದ. ಎರಡು ಮಾತಿನ ನಡುವೆ ಇದ್ದದ್ದು ಒಂದು ಕಾರಿನ ಉದ್ದ.

ಮಾವ ಆಗಲೇ ಆ ಚಕ್ರದ ನಿಪ್ಪಲ್ ಬಿಗಿ ಮಾಡಿಬಿಟ್ಟಿದ್ದ. ಡಬ್ಬಿ ತುಂಬಿದೆ ಎಂದು ಕೇಳಿ ಮುಂದಿನ ಚಕ್ರಕ್ಕೆ ಹೋದ.

ಇದನ್ನು ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ಮೇಡಂ ಕೇಳಿದಳು. ಅಳಿಯ ಅವತ್ತಿಡೀ ಕ್ಲಾಸಿನಲ್ಲಿದ್ದೆ, ಗ್ಯಾರೇಜಿನ ಕಡೆ ಕಾಲೇ ಇಟ್ಟಿಲ್ಲ ಎಂದು ಬರೆದುಕೊಟ್ಟದ್ದು ಇಬ್ಬರಿಗೂ ಗೊತ್ತಿತ್ತು.

"ಅವನೇ ಬೇಡ ಅಂದ," ಎಂದ ಯಜಮಾನ. "ಮಾವ, ನನ್ನ ಹೆಸರು ತರಬೇಡಿ, ನೀವು ಒಳಗೆ ಹೋದ್ರೆ ಅತ್ತೆನ ನೋಡ್ಕೊಳ್ಳೋಕೆ ಹೊರಗೆ ಒಬ್ಬರು ಬೇಕು ಅಂದ. ನನಗೂ ಸರಿ ಅನ್ನಿಸ್ತು."

ಹೆಂಡತಿ ಗಂಡನನ್ನೇ ನೋಡುತ್ತಿದ್ದಳು. "ನನಗೆ ಹೇಳಿದ್ದು ಬೇರೆ. ನೀವು ಅಕ್ಕನ ಮನೇಲಿದ್ದೆ ಅಂದುಬಿಡಿ ಅತ್ತೆ, ಮಾವ ಹಾಗೇ ಹೇಳಿಸಿದ್ದಾರೆ ಅಂದ. ನಿಮ್ಮ ಸುದ್ದಿಯೇ ಬೇಡವಂತೆ ಅವರಿಗೆ ಅಂದ."

"ನಾನು ಹಾಗೆ ಹೇಳಿಲ್ಲ."

"ಈಗ ಗೊತ್ತಾಯ್ತು."

ಮೇಡಂ ಎದ್ದು ಗೂಡಿನವರೆಗೆ ಹೋಗಿ ಬಂದಳು. ಮಗಳ ನಜ್ಜಾದ ಕಾರಿನ ಡಿಕ್ಕಿಯಲ್ಲಿ ಹೋದ ವಾರ ತನಗೆ ಸಿಕ್ಕ ಸೂಟ್‌ಕೇಸು ನೆನಪಾಯಿತು. ಎಲ್ಲ ಕಾಲದ ಬಟ್ಟೆ ಇದ್ದವು ಅದರಲ್ಲಿ, ಬೇಸಿಗೆಯವು, ಚಳಿಯವು, ಹಾಕದೇ ಇಟ್ಟ ಹೊಸವು. ಒಂದು ದಿನದ ಪ್ರಯಾಣಕ್ಕೆ ಯಾರೂ ಹಾಗೆ ಕಟ್ಟುವುದಿಲ್ಲ. ಆ ಹುಡುಗಿ ಗಂಡನನ್ನು ಬಿಟ್ಟು ಹೊರಟಿದ್ದಳು, ಅದು ಗಂಡನಿಗೆ ಗೊತ್ತಿತ್ತೋ ಇಲ್ಲವೋ ಎಂಬ ಪ್ರಶ್ನೆಯಲ್ಲಿ ಮೇಡಂ ಒಂದು ವಾರ ಸಿಕ್ಕಿಬಿದ್ದಿದ್ದಳು. ಬ್ರೇಕಿನಲ್ಲಿ ಗಾಳಿ ಸೇರಿದರೆ ಏನಾಗುತ್ತದೆ ಎಂದು ದಿನಕ್ಕೆ ಹತ್ತು ಜನಕ್ಕೆ ಪಾಠ ಹೇಳುವ ಡ್ರೈವಿಂಗ್ ಮೇಷ್ಟ್ರು ಅವನು.

ಅವಳು ಸುಳ್ಳು ಸಮಾಧಾನ ಹೇಳುವವಳಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಇಬ್ಬರೂ ಸುಳ್ಳು ಬರೆದು ಸಹಿ ಹಾಕಿದ್ದಾರೆ. ಈಗ ಹೋಗಿ, ಅಳಿಯ ಬಂದಿದ್ದ, ಹೀಗೆ ಹೇಳಿದ ಎಂದರೆ, ಹೆಂಡತಿಯನ್ನು ಕಳೆದುಕೊಂಡ ಅಳಿಯನ ಮೇಲೆ ತಪ್ಪು ಹೊರಿಸಲು ಮುದುಕರು ಕಥೆ ಕಟ್ಟಿದ್ದಾರೆ ಎನ್ನುತ್ತಾರೆ. ಸುತ್ತಿಗೆ ಏಟು ಕೇಳಿಸಿಕೊಂಡಿದ್ದಾನೆ, ಯಾರ ಮುಖವನ್ನೂ ನೋಡಿಲ್ಲ. ಅಳಿಯ ಕ್ಲಾಸಿನಲ್ಲಿದ್ದ ಎಂದು ಅವನ ಹತ್ತಿರ ಕಲಿಯುವವರಿಬ್ಬರು ಸಾಕ್ಷಿ ಹೇಳಿದ್ದಾರೆ.

"ನಾಳೆ ಒಪ್ಪಿಕೊಳ್ಳಬೇಡಿ, ಯಜಮಾನರೇ. ಇವತ್ತಿಗೆ ನನ್ನ ಕೈಲಿ ಹೇಳೋಕಾಗೋದು ಇಷ್ಟೇ."

ಯಜಮಾನ ಹೆಂಡತಿಯ ಕಡೆ ಒಂದು ಹೆಜ್ಜೆ ಇಟ್ಟು ನಿಂತ. ಮುಂದೆ ಹೋಗುವುದು ಹೇಗೆಂದು ಮರೆತಿತ್ತು. "ನೀನು ಇಳಿದು ನೋಡಿದ್ದೆ," ಎಂದ.

"ನೋಡಿದ್ದೆ."

"ನಾನು, ನೀನು ನೋಡಲೇ ಇಲ್ಲ ಅಂತ..."

"ನಾನೂ ಹಾಗೇ ಅಂದ್ಕೊಂಡಿದ್ದೆ. ನೀವು ಬೇಕೂ ಅಂತ ಬಿಟ್ರಿ ಅಂತ. ಮಲಗಿದಾಗಲೆಲ್ಲ ನಿಮಗೆ ಶಾಪ ಹಾಕ್ತಿದ್ದೆ."

ಅವನು ತಲೆಯಾಡಿಸಿದ. ಅವನೂ ಅದನ್ನೇ ಮಾಡಿರಬೇಕು.

ಆಗ ಹೆಂಡತಿಯ ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ಬಡಿದುಕೊಂಡಿತು. ತೆಗೆದು ನೋಡಿದವಳೇ ಕೆಂಡ ಮುಟ್ಟಿದವಳಂತೆ ಕೈ ದೂರ ಹಿಡಿದಳು. ಯಜಮಾನ ಇಣುಕಿ ನೋಡಿ, ಕೈಯಲ್ಲಿದ್ದ ಸ್ಪ್ಯಾನರನ್ನು ಗಟ್ಟಿ ಹಿಡಿದ. ಅಳಿಯ.

ಮೇಡಂ ಯೋಚಿಸಲು ಹೊತ್ತು ತೆಗೆದುಕೊಳ್ಳಲಿಲ್ಲ. ತನ್ನ ಫೋನು ತೆಗೆದು ರೆಕಾರ್ಡಿಗೆ ಹಾಕಿ ಕಾರಿನ ಡಿಕ್ಕಿಯ ಮೇಲಿಟ್ಟಳು. ಹೆಂಡತಿಯ ಫೋನನ್ನು ಅದರ ಪಕ್ಕ ಇಡುವಂತೆ ಸನ್ನೆ ಮಾಡಿ, ಸ್ಪೀಕರ್ ತಾನೇ ಒತ್ತಿದಳು. ಮಾಮೂಲಿನ ಹಾಗೆ ಮಾತಾಡಿ ಎಂದು ತುಟಿ ಅಲ್ಲಾಡಿಸಿದಳು.

"ಹೇಳಿ," ಎಂದಳು ಹೆಂಡತಿ.

"ಅತ್ತೆ, ಊಟ ಆಯ್ತಾ? ಔಷಧಿ ತಗೊಂಡ್ರಾ?" ಧ್ವನಿ ಮೆತ್ತಗಿತ್ತು, ಹೊಸಬರಿಗೆ ಕ್ಲಚ್ಚು ಕಲಿಸುವವರ ತಾಳ್ಮೆಯ ಧ್ವನಿ. "ಆ ಮೇಡಂ ಇವತ್ತು ಬಂದಿದ್ರಾ?"

"ಇಲ್ಲ."

"ಬಂದ್ರೂ ಏನೂ ಮಾತಾಡಬೇಡಿ. ನಾನು ಈಗಷ್ಟೇ ಮಾವನ್ನ ನೋಡ್ಕೊಂಡು ಬಂದೆ, ವಕೀಲರ ಆಫೀಸಿನಲ್ಲಿ. ಒಂದು ಗಂಟೆ ಜೊತೇಲೇ ಕೂತಿದ್ದೆ."

ಮಾವ ಅಳಿಯನ ಧ್ವನಿಯಿಂದ ಒಂದು ಮೊಳ ದೂರದಲ್ಲಿ, ಮೊಣಕೈವರೆಗೆ ಬ್ರೇಕ್ ಆಯಿಲ್ ಮೆತ್ತಿಕೊಂಡು ನಿಂತಿದ್ದ. ಅವನ ಬಾಯಿ ತೆರೆಯಿತು. ಮೇಡಂ ಅವನ ಎದೆಗೆ ಅಂಗೈ ಒತ್ತಿ ಹಿಡಿದಳು.

"ಏನಂದ್ರು?" ಎಂದಳು ಹೆಂಡತಿ.

"ಹೇಳೋಕೆ ನನಗೇ ಬೇಜಾರು ಅತ್ತೆ. ನಾಳೆ ಕೋರ್ಟಿಗೆ ನೀವು ಬರೋದು ಬೇಡವಂತೆ. ನಿಮ್ಮ ಮುಖ ನೋಡೋಕೆ ಇಷ್ಟ ಇಲ್ಲವಂತೆ. ಮಗಳು ಸತ್ತಿದ್ದೇ ಅವಳಿಂದ ಅಂದ್ರು. ನಾನು ಎಷ್ಟು ಸಮಾಧಾನ ಮಾಡಿದ್ರೂ ಕೇಳಲಿಲ್ಲ. ನೀವು ಮನಸ್ಸಿಗೆ ಹಚ್ಕೋಬೇಡಿ, ಅವರು ಮೊದಲಿಂದ್ಲೂ ನಿಮ್ಮ ವಿಷಯದಲ್ಲಿ ಹೀಗೇ ಅಲ್ವಾ."

ಹೆಂಡತಿ ನಿಧಾನವಾಗಿ ಮುಖ ಎತ್ತಿ ಗಂಡನನ್ನು ನೋಡಿದಳು. ಅವನು ಇಲ್ಲ ಎಂದು ತಲೆಯಾಡಿಸುತ್ತಿದ್ದ, ನಿಲ್ಲಿಸದೆ ಆಡಿಸುತ್ತಿದ್ದ, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ನಾಲ್ಕು ವರ್ಷದಲ್ಲಿ ಈ ಧ್ವನಿ ಹೊತ್ತು ತಂದ ಮಾತುಗಳೆಲ್ಲ ಇಬ್ಬರಿಗೂ ಒಂದೊಂದಾಗಿ ನೆನಪಾಗುತ್ತಿದ್ದವು ಎಂದು ಮೇಡಂಗೆ ಆ ಮುಖಗಳನ್ನು ನೋಡಿದರೇ ತಿಳಿಯುತ್ತಿತ್ತು.

ಹೆಂಡತಿ ಕೈ ಚಾಚಿ ಗಂಡನ ಜಿಡ್ಡು ಮೊಣಕೈಯನ್ನು ಹಿಡಿದುಕೊಂಡಳು. ಫೋನಿನ ಕಡೆ ಬಗ್ಗಿದಾಗ ಧ್ವನಿ ಸ್ವಲ್ಪವೂ ನಡುಗಲಿಲ್ಲ.

"ಹೌದಾ," ಎಂದಳು. "ಇನ್ನೂ ಏನೇನು ಅಂದ್ರು ನಿಮ್ಮ ಮಾವ? ಒಂದೂ ಬಿಡದೆ ಹೇಳಿ."